ಒಂದೂವರೆ ಇಂಚು

ನಮ್ಮತ್ತೆ ಮೆಟ್ಟಿಲ ಮೇಲಿಂದ ಉರುಳಿಬಿಟ್ಟರೆ? ಮಗುವಿಗೆ ಹಾಲು ಕಾಯಿಸುವಾಗ, ಬಟ್ಟೆ ಮಡಿಸುವಾಗ, ಹಲ್ಲುಜ್ಜುವಾಗ ಕೂಡ ಇದೊಂದೇ ಯೋಚನೆ ನನ್ನ ತಲೆ ತಿನ್ನುತ್ತಿತ್ತು. ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಎಪ್ಪತ್ತೆರಡರ ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುವುದರಿಂದ ಇಡೀ ಕಟ್ಟಡಕ್ಕೆ ಅವರು ಟೇಪತ್ತೆ. ಮದುವೆಯ ಗೋಜಿಗೆ ಹೋಗದೆ, ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಲವತ್ತೊಂದು ವರ್ಷ ಕಳೆದಿದ್ದಾರೆ. ಲಿಫ್ಟ್ ಇಲ್ಲ. ಮೆಟ್ಟಿಲು ಐವತ್ತನಾಲ್ಕು, ಎಣಿಸಿದ್ದೇನೆ.

ಹೋದ ತಿಂಗಳು ಎರಡನೇ ತಿರುವಿನಲ್ಲಿ ಅತ್ತೆ ಮುಗ್ಗರಿಸಿ ಮೊಣಕಾಲು ತರಚಿಕೊಂಡರು. ನಾನು ಅವರ ಹಳೇ ಚಪ್ಪಲಿ ಎಸೆದೆ, ಕನ್ನಡಕ ಬದಲಿಸಿದೆ, ಸಾಲದ್ದಕ್ಕೆ ಅದೇ ಕಟ್ಟಡದ ನೆಲಮಹಡಿಯಲ್ಲಿ ಖಾಲಿಯಿದ್ದ ಕೋಣೆಯನ್ನು ಅವರಿಗೇ ಕೊಡಿ ಎಂದು ಮಾಲೀಕರಿಗೆ ಹೇಳಿಟ್ಟೆ. ಶನಿವಾರ ಸಂಜೆಯೊಳಗೆ ಖಚಿತಪಡಿಸಬೇಕಿತ್ತು. ಅತ್ತೆಯ ಕಿವಿಗೆ ಹಾಕುವ ಧೈರ್ಯ ಬಂದದ್ದು ಶನಿವಾರ ಬೆಳಿಗ್ಗೆ.

"ಓಹೋ, ನನ್ನನ್ನ ಕೆಳಗಿಳಿಸೋಕೆ ಸಂಚಾ?" ಎಂದು ನಗುತ್ತಲೇ ಕೋಣೆ ನೋಡಲು ಇಳಿದು ಬಂದರು. ಕಿಟಕಿ ತೆರೆದರೆ ಎರಡಡಿ ಆಚೆಗೆ ಪಕ್ಕದ ಕಟ್ಟಡದ ಗೋಡೆ. ಅತ್ತೆ ಸೂಜಿ ತೆಗೆದು ದಾರ ಪೋಣಿಸಲು ನೋಡಿದರು. ಒಂದು ಸಲ, ಎರಡು ಸಲ, ನಾಲ್ಕು ಸಲ.

"ಮೇಲೆ ಮೊದಲ ಸಲಕ್ಕೇ ಪೋಣಿಸ್ತೀನಿ ಕಣೇ. ಇಲ್ಲಿ ಬೆಳಕಿಲ್ಲ. ಬೆಳಕಿಲ್ಲ ಅಂದ್ರೆ ಹೊಲಿಗೆ ಇಲ್ಲ, ಹೊಲಿಗೆ ಇಲ್ಲ ಅಂದ್ರೆ ಹರಟೋಕೆ ಜನ ಇಲ್ಲ. ಮಂಚದ ಮೇಲೆ ಕೂತು ಈ ಗೋಡೆ ಜೊತೆ ಮಾತಾಡ್ಲಾ?"

"ಬಿದ್ದು ಸೊಂಟ ಮುರ್ಕೊಂಡ್ರೆ?"

"ಎಂಥ ಒಳ್ಳೇ ಮಾತಾಡ್ತೀಯೇ, ನಿನ್ನ ಬಾಯಿಗಿಷ್ಟು ಸಕ್ಕರೆ ಹಾಕ!"

ಮುನಿಸಿಕೊಂಡೇ ಮೇಲೆ ಹೊರಟೆವು. ಎರಡನೇ ತಿರುವಿನಲ್ಲಿ ಮುಗ್ಗರಿಸಿದವಳು ನಾನು. ಕಂಕುಳಲ್ಲಿ ಮಗು! ಕಂಬಿ ಕೈಗೆ ಸಿಕ್ಕಿತು, ಬದುಕಿದೆ. ಮಗುವಿಗೋ ಅದೊಂದು ಆಟ, ಕೇಕೆ ಹಾಕಿತು.

"ನಿನಗೆಷ್ಟು ವಯಸ್ಸು, ಅಜ್ಜಮ್ಮ?" ಎಂದು ನನ್ನನ್ನು ಕಿಚಾಯಿಸಿದ ಅತ್ತೆ, ನಗು ಅರ್ಧಕ್ಕೇ ನಿಲ್ಲಿಸಿ ಆ ಮೆಟ್ಟಿಲನ್ನೇ ದಿಟ್ಟಿಸಿದರು. ಆಮೇಲೆ ಟೇಪು ಬಿಚ್ಚಿ ಅಲ್ಲೇ ಕೂತು ಒಂದೊಂದೇ ಮೆಟ್ಟಿಲ ಎತ್ತರ ಅಳೆದರು. ಆರೂವರೆ ಇಂಚು, ಆರೂವರೆ, ಆರೂವರೆ. ತಿರುವಿನ ಮೊದಲ ಮೆಟ್ಟಿಲು ಮಾತ್ರ ಎಂಟು.

"ಒಂದು ತೋಳು ಉದ್ದ ಬಿಟ್ಟು ಅಂಗಿ ಹೊಲಿದಿದ್ದಾನೆ, ಮೆಟ್ಟಿಲು ಕಟ್ಟಿದ ಮಹಾನುಭಾವ! ಕಾಲಲ್ಲಿ ಕಸುವಿದ್ದಾಗ ಹೇಗೋ ಹಾರಿ ದಾಟ್ತಿದ್ದೆ, ಗೊತ್ತೇ ಆಗ್ಲಿಲ್ಲ."

ಸದ್ದಿಗೆ ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಬಾಗಿಲು ತೆಗೆದರು. ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಅಯ್ಯೋ, ಅಲ್ಲೇ ಮೂರು ಸಲ ಎಡವಿ, ಮುಪ್ಪು ಬಂತು ಅಂತ ವಾಕಿಂಗೇ ಬಿಟ್ಟೆನಲ್ಲಮ್ಮ!"

ಎದುರು ಮನೆಯ ಅಜ್ಜಿ ಇಣುಕಿ, "ನಾನೂ ಎಡವಿದೀನಿ. ಮಗಳಿಗೆ ಗೊತ್ತಾದ್ರೆ ಮನೆಯಿಂದಾಚೆ ಬಿಡಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದರು.

ಅತ್ತೆ ನನ್ನತ್ತ ನೋಡಲಿಲ್ಲ. ನೋಡಿದ್ದರೂ ನಾನು ತಲೆ ಎತ್ತುತ್ತಿರಲಿಲ್ಲ. ಬಿದ್ದರೆ ತಪ್ಪೆಲ್ಲ ಮೊಣಕಾಲಿನದು, ಕಣ್ಣಿನದು, ಚಪ್ಪಲಿಯದು ಎಂದುಕೊಂಡಿದ್ದೆನೇ ಹೊರತು, ಕಲ್ಲು ಗಾರೆಯನ್ನು ಅನುಮಾನಿಸುವ ಬುದ್ಧಿ ನನಗೆ ಬರಲಿಲ್ಲ. ಅತ್ತೆ ಬೆಳಿಗ್ಗೆಯೇ ಹೂಂ ಅಂದುಬಿಟ್ಟಿದ್ದರೆ, ಅವರನ್ನು ಆ ಕತ್ತಲೆಗೆ ತಳ್ಳಿ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಮೆಟ್ಟಿಲ ಮೇಲೆ ಕೂತೇ ಮಾಲೀಕರಿಗೆ ಫೋನು ಹಚ್ಚಿದೆ.

"ಹೇಳಮ್ಮ, ಕೆಳಗಿನ ಕೋಣೆ ಖಾತ್ರಿ ತಾನೆ?"

"ಬೇಡ ಸರ್. ಅತ್ತೆ ಮೇಲೇ ಇರ್ತಾರೆ. ನೀವು ಗಾರೆಯವರನ್ನ ಕಳಿಸಿ." ಮೆಟ್ಟಿಲ ಲೆಕ್ಕ ಒಪ್ಪಿಸಿದೆ. "ಗೋಡೆ ಕಡೆಗೂ ಒಂದು ಕಂಬಿ ಬೇಕು. ತಿರುವಲ್ಲಿ ಕೂತು ಸುಧಾರಿಸ್ಕೊಳ್ಳೋಕೆ ಒಂದು ಬೆಂಚು."

"ಆ ಒಂದು ಮೆಟ್ಟಿಲು ಕೆತ್ತಿಸಿದ್ರೆ ಸಾಲದೇನಮ್ಮ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಫೋನಿಗೇ ಬಗ್ಗಿದರು. "ಸಾಲದು ಸ್ವಾಮಿ, ಆಮೇಲೆ ಮುಂದಿನ ಮೆಟ್ಟಿಲು ಎತ್ತರ ಆಗುತ್ತೆ! ಆ ಒಂದೂವರೆ ಇಂಚನ್ನ ಸಾಲಿನ ಮೆಟ್ಟಿಲಿಗೆಲ್ಲ ಹಂಚ್ಬೇಕು, ಪರದೆಗೆ ನೆರಿಗೆ ಹಂಚಿದ ಹಾಗೆ. ನಿಮ್ಮ ಗಾರೆಯವನು ಬರ್ಲಿ, ನಾನೇ ಗುರುತು ಹಾಕ್ಕೊಡ್ತೀನಿ."