ಹಸಿ ಇದೆ

ಜಾವಳಿಯ ನಮ್ಮ ತೋಟದಲ್ಲಿ ‘ಹಸಿ’ ಎಂದರೆ ಒದ್ದೆಯಲ್ಲ, ಜೀವ ಇರುವುದು. ಕೊಂಬೆಯ ತೊಗಟೆಯನ್ನು ಉಗುರಿನಲ್ಲಿ ಕೆರೆದಾಗ ಒಳಗೆ ಹಸಿರು ಕಂಡರೆ ಹಸಿ; ಮನುಷ್ಯನ ಭಾರ ತಡೆಯುತ್ತದೆ. ಕಂದು ಕಂಡರೆ ಕಾಲಿಡಬಾರದು. ಇದನ್ನು ಕಲಿಸಿದ್ದು ಚಿಕ್ಕಪ್ಪ. ನಾನು ಸಸ್ಯಶಾಸ್ತ್ರ ಓದಲು ಹೊರಟಾಗ, “ಅದಕ್ಕೆ ಕಾಲೇಜ್ ಯಾಕೆ ಮಾರಾಯ್ತಿ, ಒಂದು ಉಗುರು ಇದ್ರೆ ಸಾಕು” ಎಂದು ನಗಾಡಿದ್ದರು.

ಕಳೆದ ಮೇ ತಿಂಗಳಲ್ಲಿ ಮರಗಸಿ ನಡೆದಿತ್ತು. ಮಳೆ ಹಿಡಿಯುವ ಮೊದಲು, ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಚಿಕ್ಕಪ್ಪ ಹಾಲುವಾಣ ಮರದ ಕವೆಯಲ್ಲಿ ಕತ್ತಿ ಹಿಡಿದು ನಿಂತಿದ್ದರು. ಬೆನ್ನ ಹಿಂದಿನ ಕೊಂಬೆ ಅವರಿಗೆ ಕಾಣುತ್ತಿರಲಿಲ್ಲ. ಕೆಳಗಿದ್ದ ನನ್ನನ್ನು ಕೇಳಿದರು: “ಹಿಂದಿಂದು ಹಸಿ ಇದ್ಯೇನೇ?”

ತಲೆ ಎತ್ತಿದೆ. ಕೊಂಬೆಯ ತುಂಬ ಎಲೆ. “ಹಸಿ ಇದೆ” ಎಂದೆ.

ಆ ಎಲೆ ಕಾಳುಮೆಣಸಿನ ಬಳ್ಳಿಯದು. ಒಣಗಿದ ಕೊಂಬೆಯನ್ನು ಬಳ್ಳಿ ಹಬ್ಬಿ ಮುಚ್ಚಿತ್ತು. ಹಾಲುವಾಣದ್ದು ಮೂರೆಲೆ, ಮೆಣಸಿನದು ಒಂಟಿ ಎಲೆ. ಪರೀಕ್ಷೆಯಲ್ಲಿ ಚಿತ್ರ ಬರೆದವಳು ನಾನು. ಕೊಂಬೆ ಮುರಿದ ಆ ಚಟ್ಟೆಂಬ ಸದ್ದು ಅನ್ನ ಕಲಸುವಾಗ, ಬಸ್ಸಿನಲ್ಲಿ ಕೂತಾಗ ಈಗಲೂ ಕೇಳುತ್ತದೆ. ಪ್ರತಿಸಲವೂ ನಾನು “ತಡೀರಿ” ಎನ್ನುತ್ತೇನೆ. ಪ್ರತಿಸಲವೂ ಅವರು ಆಗಲೇ ಕಾಲಿಟ್ಟಿರುತ್ತಾರೆ.

ನಡೆದದ್ದನ್ನು, ಬಳ್ಳಿ ಎಲೆ ನೋಡಿ ಹಸಿ ಎಂದದ್ದನ್ನು ಮನೆಯಲ್ಲಿ ಹೇಳಿದೆ. ಯಾರೂ ಬಯ್ಯಲಿಲ್ಲ. ಚಿಕ್ಕಮ್ಮನೂ.

ಬಿದ್ದು ತಲೆಗೆ ಪೆಟ್ಟಾಗಿದ್ದ ಚಿಕ್ಕಪ್ಪ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರು, ನಮ್ಮನ್ನು ನೋಡಲಿಲ್ಲ. ಎರಡು ತಿಂಗಳ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು “ವೆಜಿಟೇಟಿವ್” ಎಂದರು. ಉಸಿರಾಟ ಇರುತ್ತದೆ, ಕೈಕಾಲು ತಾನಾಗಿ ಅಲುಗಬಹುದು, ಅರಿವು ಮಾತ್ರ ಇರುವುದಿಲ್ಲ. ನನ್ನ ಪುಸ್ತಕಗಳಲ್ಲಿ ಆ ಪದಕ್ಕೆ ಬೇರು, ಕಾಂಡ, ಎಲೆ ಎಂದಿತ್ತು. ಹೂವಿಗೆ ಮೊದಲಿನ ಬೆಳವಣಿಗೆ ಎಂದಿತ್ತು.

“ಏನಂದ್ರು? ಓದಿದವಳು ನೀನು, ಹೇಳು” ಎಂದರು ಚಿಕ್ಕಮ್ಮ.

“ಗಿಡದ ಹಾಗೆ ಇದ್ದಾರಂತೆ.” ಅರಿವಿನ ಮಾತನ್ನು ಬಿಟ್ಟೆ.

ಅವರ ಮುಖ ಅರಳಿತು. “ಗಿಡ ಅಂದ್ರೆ ಒಳ್ಳೇದೇ ಅಲ್ವಾ? ಬುಡ ಇದ್ರೆ ಚಿಗುರುತ್ತೆ.” ಮಂಚದ ತುದಿಗೆ ಹೋಗಿ ಚಿಕ್ಕಪ್ಪನ ಅಂಗಾಲನ್ನು ಉಗುರಿನಿಂದ ಕೆರೆದರು. ಹೆಬ್ಬೆರಳು ಸೆಟೆದು ಮೇಲೆದ್ದಿತು.

“ನೋಡೇ, ಹಸಿ ಇದೆ! ಇದ್ಯಲ್ಲ?”

ನಾನು ಅವರ ಕೈ ಹಿಡಿದುಕೊಂಡೆ. “ಚಿಕ್ಕಮ್ಮ, ಅದು ಬಳ್ಳಿ ಎಲೆ” ಎಂದೆ.

ಚಿಕ್ಕಮ್ಮ ಕೈ ಬಿಡಿಸಿಕೊಂಡು, ಇನ್ನೊಂದು ಅಂಗಾಲನ್ನು ಕೆರೆದರು.