ಕಪ್ಪು ದಾರದ ಕತ್ತಿ

ಆಗ ನನಗೆ ಅರವತ್ತೆಂಟು. ಅದಾಗಿ ನಾಲ್ಕು ವರ್ಷವಾಯಿತು. ಶಿರಸಿಯಲ್ಲಿ ನಾನೂ ನನ್ನ ವಾರಗಿತ್ತಿಯೂ ಹಳೆಯ ಕ್ಷೌರದ ಕತ್ತಿಗಳನ್ನು ಫೋನಿನಲ್ಲಿ ಹರಾಜು ಹಾಕಿ ಮಾರುತ್ತಿದ್ದೆವು. ಈಗಲೂ ಮಾರುತ್ತೇವೆ.

ನಮ್ಮದು ಕ್ಷೌರದ ಮನೆತನ. ಮಾವ ಸಿದ್ದಾಪುರದಿಂದ ಯಲ್ಲಾಪುರದವರೆಗೆ ಮನೆಮನೆಗೆ ಹೋಗಿ ಕ್ಷೌರ ಮಾಡಿದವರು. ಗಂಡ ಪೇಟೆಯಲ್ಲಿ ಅಂಗಡಿ ಇಟ್ಟರು. ಕತ್ತಿ ಮಸೆಯುವವಳು ನಾನು. ಗಿರಾಕಿಗಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗಿದ್ದರೂ ಅವರ ಕೆನ್ನೆಗೆ ಏನೂ ಆಗುತ್ತಿರಲಿಲ್ಲ. ಬಿಸಾಡುವ ಬ್ಲೇಡು ಬಂದ ಮೇಲೆ ಮಡಚುವ ಕತ್ತಿಗಳೆಲ್ಲ ಪೆಟ್ಟಿಗೆ ಸೇರಿದವು. ಗಂಡ ಹೋದ ಮೇಲೆ ಅಂಗಡಿಯೂ ಮುಚ್ಚಿತು. ಗುಜರಿಯವನು ಪೆಟ್ಟಿಗೆಯನ್ನು ತೂಕಕ್ಕೆ ಕೇಳಿದ. ಇಂಥದಕ್ಕೆ ಜನ ಪೈಪೋಟಿ ಮೇಲೆ ಬೆಲೆ ಕೂಗುತ್ತಾರೆ ಎಂದು ವಾರಗಿತ್ತಿ ಫೋನಿನಲ್ಲಿ ತೋರಿಸಿದಳು.

ಅವಳು ಬನವಾಸಿ ಕಡೆಯವಳು, ಏಳನೇ ಇಯತ್ತೆ ಓದಿದವಳು. ನಾನು ಎರಡಕ್ಕೇ ಬಿಟ್ಟವಳು. ಹಾಗಾಗಿ ಫೋಟೊ, ಬರವಣಿಗೆ ಅವಳದು. ಮಸೆಯುವ ಕಲ್ಲು, ಬಾಯಿ ಸವರುವ ತೊಗಲು ನನ್ನದು. ನಾನು ಮಸೆದ ಕತ್ತಿಯನ್ನು ಮೊಂಡು ಎಂದು ಇವತ್ತಿನವರೆಗೆ ಯಾರೂ ವಾಪಸು ಕಳಿಸಿಲ್ಲ.

ಮಾವನ ಪೆಟ್ಟಿಗೆಯಲ್ಲಿ ಕೋಡಿನ ಹಿಡಿಯ ಜೋಡಿ ಕತ್ತಿಗಳಿದ್ದವು. ಜರ್ಮನಿಯ ಮಾಲು, ಒಂದೇ ಅಚ್ಚು. ಒಂದು ಮಗುವಿನ ಜವಳಕ್ಕೆ, ಮದುಮಗನ ಗಡ್ಡಕ್ಕೆ. ಇನ್ನೊಂದು ಸಾವಿನ ಮನೆಯಲ್ಲಿ ತಲೆ ಬೋಳಿಸಲಿಕ್ಕೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟುವಂತಿಲ್ಲ. ಗುರುತಿಗೆಂದು ಸಾವಿನ ಕತ್ತಿಯ ಬಾಲಕ್ಕೆ, ಅಂದರೆ ಅಲಗಿನ ಹಿಂದಿನ ತುದಿಗೆ, ಮಾವ ಕಪ್ಪು ದಾರ ಕಟ್ಟಿದ್ದರು. ಕೊಳ್ಳುವವರು ಗಾಜಿನ ಕಪಾಟಿನಲ್ಲಿಟ್ಟು ನೋಡುವ ಜನ, ಅವರಿಗೆ ಯಾವುದಾದರೂ ಒಂದೇ. ಆದ್ದರಿಂದ ಯಾವುದನ್ನು ಮೊದಲು ಹಾಕಬೇಕೆಂದು ನಾನು ಹೇಳಿರಲಿಲ್ಲ. ವಾರಗಿತ್ತಿ ಒಂದನ್ನು ಹಾಕಿದಳು. ಮೈಸೂರಿನವರೊಬ್ಬರು ಹರಾಜು ಗೆದ್ದು ಸಂದೇಶ ಕಳಿಸಿದರು, ನಂಬರೂ ಕೊಟ್ಟಿದ್ದರು. ಮೊಮ್ಮಗನ ಜವಳವನ್ನು ಹಿಂದಿನ ಕಾಲದ ಹಾಗೆ ಈ ಕತ್ತಿಯಲ್ಲೇ ಮಾಡಿಸುತ್ತೇನೆ, ಬೇಗ ಕಳಿಸಿ ಎಂದು.

ಅವಳು ಓದಿ ಹೇಳಿದ ಕೂಡಲೇ ನಾನು ಪೆಟ್ಟಿಗೆ ತೆರೆದೆ. ಎರಡರಲ್ಲಿ ಒಂದಕ್ಕೂ ದಾರವಿರಲಿಲ್ಲ.

"ದಾರ ಎಲ್ಲಿ ಹೋಯ್ತೆ?"

"ಹೊಲಸು ಕಾಣಾಕತ್ತಿತ್ತಕ್ಕಾ. ಫೋಟೊದಾಗ ಚಂದ ಕಾಣ್ಲಿ ಅಂತ ಕತ್ತರಿಸಿ ಒಗದೆ."

"ಯಾವುದಕ್ಕಿತ್ತು?"

"ಎರಡೂ ಒಂದ ನಮೂನಿ ಅದಾವು. ಎರಡನ್ನೂ ಒರಸಿ ಇಟ್ಟು, ಕೈಗೆ ಸಿಕ್ಕಿದ್ದರದು ಫೋಟೊ ಹೊಡದೆ. ಯಾವುದಕ್ಕಿತ್ತೋ ಏನೋ."

ಅವಳ ತವರಿನಲ್ಲಿ ಸಾವಿನ ಕತ್ತಿಯನ್ನು ಮನೆಯೊಳಗೇ ತರುತ್ತಿರಲಿಲ್ಲವಂತೆ. ದಾರದ ಪದ್ಧತಿ ಅವಳಿಗೆ ಗೊತ್ತಿಲ್ಲ. ಅವಳ ಗಂಡ ಬಸ್ಸು ಓಡಿಸಿದವ, ಪೆಟ್ಟಿಗೆ ಮುಟ್ಟಿದವನೇ ಅಲ್ಲ. ನಾನು ವಿಷಯ ಹೇಳಿದೆ. ಅವಳ ಮುಖ ಇಳಿಯಿತು. ಆ ವರ್ಷ ನಾವು ಆಗಲೇ ಎರಡು ಮಾರಾಟ ರದ್ದು ಮಾಡಿದ್ದೆವು, ಒಂದರ ಹಿಡಿ ಸೀಳಿತ್ತು, ಒಂದರ ಬಾಯಿ ಚಕ್ಕೆ ಎದ್ದಿತ್ತು. ಇನ್ನೊಂದನ್ನು ನೀವಾಗಿ ರದ್ದು ಮಾಡಿದರೆ ಫೋನಿನಲ್ಲಿರುವ ನಿಮ್ಮ ಅಂಗಡಿ ಬಂದ್ ಎಂದು ಹರಾಜಿನವರು ತಿಳಿಸಿದ್ದರು. ಅಂಗಡಿ ಬಂದಾದರೆ ನಮ್ಮಿಬ್ಬರ ಹೊಟ್ಟೆಪಾಡೂ ಬಂದ್.

"ಬೆಂಕಿಗೆ ಹಿಡೀರಿ ಅಕ್ಕಾ. ಬೆಂಕಿ ತಾಗಿದ ಮ್ಯಾಲ ಸೂತಕ ಎಲ್ಲಿ ಉಳೀತದ?"

"ಸೂತಕನೂ ಹೋಗ್ತದೆ, ಹದನೂ ಹೋಗ್ತದೆ. ಆಮೇಲೆ ನೀ ಹರಿವೆ ಸೊಪ್ಪು ಕೊಯ್ಲಿಕ್ಕೆ ಇಟ್ಕೊ."

"ಮೈಸೂರಾಗ ಕುಂತವ್ರಿಗೆ ಹೆಂಗ ಗೊತ್ತಾಕ್ಕತಿ?"

"ನಂಗೆ ಗೊತ್ತದ್ಯಲ್ಲ ಮಾರಾಯ್ತಿ."

ನನಗೆ ಸೂತಕದ ಭಯ ಹೆಚ್ಚಿಲ್ಲ. ಗಂಡ ತೀರಿಕೊಂಡ ವಾರದಲ್ಲೇ ಮಸೆಯುವ ಕಲ್ಲು ಹಿಡಿದವಳು ನಾನು. ಆದರೆ ಜವಳದ ಕತ್ತಿ ಎಂದು ಕೊಟ್ಟರೆ ಅದು ಜವಳದ್ದೇ ಆಗಿರಬೇಕು. ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆ, ಕಲ್ಲಿಗೆ ತಾಗಿಸಿ ನೋಡಿದೆ. ಒಂದೇ ಸವೆತ. ವಾರಗಿತ್ತಿಯಿಂದ ಮೈಸೂರಿನವರಿಗೆ ಫೋನು ಹಚ್ಚಿಸಿದೆ.

"ಕತ್ತಿ ಮಾರುವವಳು ಮಾತಾಡೂದು. ನಿಮ್ಮ ಮೊಮ್ಮಗನ ತಲೆಗೆ ಇದು ಬೇಡ. ಸಾವಿನ ಮನೆಯಲ್ಲಿ ಬೋಳಿಸಿದ್ದಿರಬಹುದು, ಅಲ್ದೇನೂ ಇರಬಹುದು. ನಂಗೇ ಗುರುತು ಸಿಗ್ತಾ ಇಲ್ಲ."

"ಇದನ್ನ ಮೊದಲೇ ಬರೀಬೇಕಿತ್ತಲ್ಲಮ್ಮ?"

"ಮಗುವಿಗೆ ಅಂತ ನೀವೂ ಮೊದಲೇ ಬರೀಬೇಕಿತ್ತು."

ಆತ ನಕ್ಕರೋ ಕೆಮ್ಮಿದರೋ. "ಈಗೇನು ಮಾಡೋದು?"

"ಬೇಡ ಅಂತ ನೀವೇ ಒತ್ತಿ. ನಾವು ಒತ್ತಿದ್ರೆ ನಮ್ಮ ಅಂಗಡಿ ಮುಚ್ತದೆ. ನೀವು ಒತ್ತದಿದ್ರೆ ನಾವೇ ಒತ್ತೂದು. ಕತ್ತಿಯಂತೂ ಕಳಿಸೂದಿಲ್ಲ."

"ನೋಡೋಣ" ಎಂದು ಇಟ್ಟುಬಿಟ್ಟರು.

"ಸ್ವಲ್ಪ ಮೆತ್ತಗ ಮಾತಾಡಾಕ ಬರಂಗಿಲ್ಲೇನ್ರಿ ನಿಮಗ?" ಎಂದಳು ವಾರಗಿತ್ತಿ. ಫೋನನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತವಳು ಚಾ ಕುಡಿಯಲಿಕ್ಕೂ ಏಳಲಿಲ್ಲ. ಸಂಜೆ ಫೋನು ಸದ್ದು ಮಾಡಿತು. ಆತನೇ ಬೇಡವೆಂದು ಒತ್ತಿದ್ದರು. ಕಾರಣ ಕೇಳಿದ ಜಾಗದಲ್ಲಿ, ನನ್ನ ಮನಸ್ಸು ಬದಲಾಯಿತು ಎಂದು ಬರೆದಿದ್ದರು. ನಮ್ಮ ತಪ್ಪಿನ ಮಾತೇ ಇರಲಿಲ್ಲ.

"ಅಂಗಡಿ ಉಳೀತಕ್ಕಾ!"

"ಉಳೀತು. ಅನ್ನಕ್ಕಿಡು ಹೋಗು."

ಮರುದಿನ ಬೆಳಿಗ್ಗೆ ಹೊಲಿಗೆ ಡಬ್ಬಿಯಿಂದ ಕಪ್ಪು ದಾರ ತೆಗೆದು ಎರಡೂ ಕತ್ತಿಗಳ ಬಾಲಕ್ಕೆ ಬಿಗಿಯಾಗಿ ಗಂಟು ಹಾಕಿದೆ. ಬಿಳಿ ಟವೆಲ್ಲಿನ ಮೇಲೆ ಜೋಡಿಸಿಟ್ಟು ವಾರಗಿತ್ತಿಯನ್ನು ಕರೆದೆ.

"ಫೋಟೊ ಹೊಡಿ. ದಾರ ಕಾಣಬೇಕು. ಒಂದು ಸಾವಿನ ಮನೇದು, ಯಾವುದು ಅಂತ ಗೊತ್ತಿಲ್ಲ, ಕೊಟ್ಟರೆ ಜೋಡಿಯಾಗೇ ಕೊಡೂದು ಅಂತ ಬರಿ."