ಸಾಸಲಿಗೆ ನನಗಿಂತ ಮೊದಲು ಬಂದವಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ನೆನಪು ಎಷ್ಟು ಸುಲಭವಾಗಿ ಮೋಸ ಮಾಡುತ್ತದೆ ಎಂದು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು.

ಆಗ ನಾನೊಂದು ಸಂಶೋಧನಾ ತಂಡದಲ್ಲಿದ್ದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ವಯಸ್ಸಾದವರಿಗೆ ಬೆಳಿಗ್ಗೆ ಅರವತ್ತು ಚಿತ್ರ ತೋರಿಸುತ್ತಿದ್ದೆ. ಚೊಂಬು, ಬೀಗ, ಬಾಚಣಿಗೆ, ಇಂಥವು. ಮಧ್ಯಾಹ್ನ ಮತ್ತೆ ತೋರಿಸುವಾಗ ಕೆಲವು ಅವೇ ಚಿತ್ರಗಳು, ಕೆಲವು ಹೊಸವು, ಇನ್ನು ಕೆಲವು ನೋಡಲು ಹಾಗೇ ಇದ್ದರೂ ಬೇರೆಯವು. ಯಾವುದು ಯಾವುದೆಂದು ಅವರು ಹೇಳಬೇಕು. ಕೊನೆಯ ಬಗೆಯಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೇನೆ.

ಸಾಸಲು ಎಂಬ ಹಳ್ಳಿಯಲ್ಲಿ ಎಪ್ಪತ್ತು ದಾಟಿದ ನಂಜಮ್ಮ ಒಂದರಲ್ಲೂ ತಪ್ಪಲಿಲ್ಲ. "ಬೆಳಿಗ್ಗೆ ತೋರ್ಸಿದ್ ಚೊಂಬಿನ ಕಂಠ ಇಷ್ಟು ಗಿಡ್ಡ ಇರ್ಲಿಲ್ಲ ಕಣಮ್ಮ" ಎನ್ನುತ್ತಾ ಸಲೀಸಾಗಿ ಹೇಳಿಕೊಂಡು ಹೋದರು. ಅಂಥ ಫಲಿತಾಂಶವನ್ನು ನಾನು ಕಂಡೇ ಇರಲಿಲ್ಲ. ತಂಡದವರಿಗೆ ಯಾವಾಗ ಹೇಳುತ್ತೇನೋ ಎಂದು ಚಡಪಡಿಸುತ್ತಿದ್ದೆ.

ಅಷ್ಟರಲ್ಲಿ ನಂಜಮ್ಮನ ಸೊಸೆ ಕಾಫಿ ತಂದಳು. "ಹೋದ ವರ್ಸ ಬಂದಾಗ ಬ್ಯಾಡ ಅಂದ್ರಿ, ಈಗಾದ್ರೂ ಕುಡೀರಿ ಮೇಡಂ."

ಆ ಊರಿಗೆ ನಾನು ಬಂದದ್ದು ಅದೇ ಮೊದಲು. ಹಾಗೆಂದರೆ ಸೊಸೆ ಒಪ್ಪಲಿಲ್ಲ. "ಗಾಡಿ ಪಂಚರ್ ಆಗಿ ಇದೇ ಜಗಲಿ ಮೇಲೆ ಕೂತಿದ್ರಲ್ಲ?"

"ಸುಮ್ಕಿರೇ" ಎಂದರು ನಂಜಮ್ಮ. "ಆಯಮ್ಮ ಬ್ಯಾರೆ, ಈಯಮ್ಮ ಬ್ಯಾರೆ. ಮುಖ ಒಂದೇ. ಆಯಮ್ಮಂಗೆ ಗಾಯದ ಗುರುತು ಎಡಗಡೆ ಹುಬ್ಬಲ್ಲಿತ್ತು, ಈಯಮ್ಮಂಗೆ ಬಲಗಡೆ. ಹೊಸಕೋಟೆಯೋಳು ಅಂದಿದ್ಲು."

ಬೇರೆ ಯಾರೇ ಹೇಳಿದ್ದರೂ ತಳ್ಳಿಹಾಕುತ್ತಿದ್ದೆ. ಆದರೆ ಈ ಅಜ್ಜಿಯ ನೆನಪನ್ನು ನಾನೇ ಆಗಷ್ಟೇ ಪರೀಕ್ಷಿಸಿದ್ದೆ. ಬಸ್ಸಿಗೆ ಕಾಯುತ್ತಲೇ ಅಮ್ಮನಿಗೆ ಫೋನು ಮಾಡಿ, ನನ್ನ ಜೊತೆ ಇನ್ನೊಂದು ಮಗು ಹುಟ್ಟಿತ್ತೇ ಎಂದು ಕೇಳಿದೆ.

"ತಲೆ ಕೆಟ್ಟಿದ್ಯೇನೇ? ನೀನೊಬ್ಳೇ ಹುಟ್ಟಿದ್ದು" ಎಂದಳು ಅಮ್ಮ. ದನಿಯಲ್ಲಿ ಅಳುಕಿರಲಿಲ್ಲ.

ಭಾನುವಾರ ಹೊಸಕೋಟೆಗೆ ಹೋದೆ. ಬಸ್ ನಿಲ್ದಾಣದ ಬಳಿ ಸೊಪ್ಪು ಮಾರುತ್ತಿದ್ದ ಹೆಂಗಸು ನನ್ನನ್ನು ಕಂಡದ್ದೇ ಕೂಗಿದಳು. "ಯಾಕಕ್ಕಾ, ಎರಡು ದಿನದಿಂದ ಕಾಣ್ಲೇ ಇಲ್ಲ? ಮಗೂಗೆ ಜ್ವರ ಬಿಡ್ತಾ?"

ನನಗೆ ಮಕ್ಕಳಿಲ್ಲ. ಹೇಳಿಕೊಳ್ಳಲಾಗದಂಥ ಖುಷಿ ಉಕ್ಕಿ ಬಂತು. ಅವಳು ಇದ್ದಾಳೆ! "ನಾನು ಅವರಲ್ಲಮ್ಮ" ಎಂದೆ. ಆಕೆ ಹತ್ತಿರ ಬಂದು ನನ್ನ ಹುಬ್ಬನ್ನು ದಿಟ್ಟಿಸಿ, ನಗು ನಿಲ್ಲಿಸಿ, ಕೂರಲು ಗೋಣಿಚೀಲ ಹಾಸಿಕೊಟ್ಟಳು. ಸಂಜೆಯವರೆಗೂ ಕಾದೆ. ಅವಳು ಬರಲಿಲ್ಲ.

ಮುಂದಿನ ಭಾನುವಾರ ಬಸ್ಸಿಳಿದವಳೇ ಓಡುತ್ತಲೇ ಹೋದೆ. ಸೊಪ್ಪಿನಾಕೆ ನನ್ನ ಕೈ ಹಿಡಿದುಕೊಂಡಳು.

"ಸೋಮವಾರ ಬಂದಿದ್ರಕ್ಕಾ. ನಿಮ್ ವಿಷ್ಯ ಹೇಳ್ದೆ. ಬಲಗಡೆ ಹುಬ್ಬಲ್ಲಿ ಗುರುತಿತ್ತಾ ಅಂತ ಅವ್ರೇ ಕೇಳಿದ್ರು. ಹೂಂ ಅಂದೆ. ಸೊಪ್ಪು ಅಲ್ಲೇ ಬಿಟ್ಟು, ಮಗೂನ ಎತ್ಕೊಂಡು ಹೊರಟೋದ್ರು. ಆಮೇಲೆ ಬಂದೇ ಇಲ್ಲ."

ಅವಳು ಯಾರು, ನನ್ನ ಹುಬ್ಬಿನ ಗುರುತು ಅವಳಿಗೆ ಹೇಗೆ ಗೊತ್ತು? ಇಷ್ಟು ವರ್ಷವಾದರೂ ಹೊಸಕೋಟೆಗೆ ಹೋಗುವುದನ್ನು ಬಿಟ್ಟಿಲ್ಲ.